ಫ್ಲಾರೆನ್ಸ್: ಗುಮ್ಮಟ ಹತ್ತುವುದೋ, ಗಂಟೆಗೋಪುರವೋ?

ಇಟಲಿಯ ಫ್ಲಾರೆನ್ಸಿಗೆ ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಕೆಥೆಡ್ರಲ್‌ನ ಗುಮ್ಮಟ ಹತ್ತಬೇಕೋ, ಪಕ್ಕದ ಜೊತ್ತೊ ಗಂಟೆಗೋಪುರವೋ? ಎರಡೂ ಒಂದೇ ಚೌಕದಲ್ಲಿವೆ, ಎರಡಕ್ಕೂ ಲಿಫ್ಟ್ ಇಲ್ಲ. ಗುಮ್ಮಟಕ್ಕೆ 463 ಮೆಟ್ಟಿಲು, ಗೋಪುರಕ್ಕೆ 414. ನಾನು ಎರಡನ್ನೂ ಹತ್ತಿದ್ದೇನೆ, ನದಿಯಾಚೆಯ ಸಾನ್ ಮಿನಿಯಾತೊ ಗುಡ್ಡಕ್ಕೂ ಹೋಗಿದ್ದೇನೆ. ‘ಎಲ್ಲವೂ ಚೆನ್ನಾಗಿವೆ’ ಎಂಬ ಉತ್ತರದಿಂದ ಯಾರ ಮಂಡಿಗೂ ಉಪಕಾರವಿಲ್ಲ. ಹಾಗಾಗಿ ಪಕ್ಷ ವಹಿಸಿಯೇ ಬರೆಯುತ್ತೇನೆ.

ಗುಮ್ಮಟ ಹತ್ತುವುದಾದರೆ ಅದರ ಹೊಟ್ಟೆಯೊಳಗಿನ ದಾರಿಗಾಗಿ ಹತ್ತಬೇಕು, ತುದಿಯ ನೋಟಕ್ಕಾಗಿ ಅಲ್ಲ. 1296ರಲ್ಲಿ ಆರಂಭವಾದ ಕೆಥೆಡ್ರಲ್‌ನ ನಡುವಿನ ಅಷ್ಟಕೋನವನ್ನು ಮುಚ್ಚುವುದು ಹೇಗೆಂದು ಬಹುಕಾಲ ಯಾರಿಗೂ ಹೊಳೆದಿರಲಿಲ್ಲ. ಅಷ್ಟು ಅಗಲಕ್ಕೆ ನೆಲದಿಂದ ಮರದ ಆಸರೆ ಕಟ್ಟುವುದು ಆಗದ ಮಾತು. ಅಕ್ಕಸಾಲಿಗನಾಗಿ ಪಳಗಿದ ಬ್ರುನೆಲೆಸ್ಕಿ ಆ ಆಸರೆಯೇ ಇಲ್ಲದೆ 1420ರಲ್ಲಿ ಕೆಲಸ ಶುರುಮಾಡಿ 1436ರ ಹೊತ್ತಿಗೆ ಗುಮ್ಮಟವನ್ನು ಮುಚ್ಚಿದ. ಕಟ್ಟಿದ್ದು ಒಂದರೊಳಗೊಂದರಂತೆ ಎರಡು ಗುಮ್ಮಟ. ನಮ್ಮ ಮೆಟ್ಟಿಲುಗಳು ಏರುವುದು ಅವೆರಡರ ನಡುವಿನ ಸಂದಿಯಲ್ಲೇ. ಮೇಲೇರಿದಂತೆ ಒಂದು ಬದಿಯ ಗೋಡೆ ತಲೆಯ ಮೇಲೆ ಬಾಗುತ್ತ ಬರುತ್ತದೆ, ಎತ್ತರದವರು ಕತ್ತು ಓರೆ ಮಾಡಿಯೇ ನಡೆಯಬೇಕು. ಅಲ್ಲಲ್ಲಿ ಇಟ್ಟಿಗೆಗಳನ್ನು ಹತ್ತಿರದಿಂದ ನೋಡಿ: ಮಲಗಿಸಿದ ಸಾಲುಗಳ ನಡುನಡುವೆ ಕೆಲವನ್ನು ನೆಟ್ಟಗೆ ನಿಲ್ಲಿಸಲಾಗಿದೆ. ಗಾರೆ ಇನ್ನೂ ಹಸಿಯಾಗಿರುವಾಗ ಓರೆಯಾದ ಸಾಲು ಜಾರದಂತೆ ತಡೆದು ಹಿಡಿದಿದ್ದು ಇವೇ. ಪುಸ್ತಕದಲ್ಲಿ ಇದನ್ನು ಓದಿದಾಗ ನನಗೆ ತಲೆಗೆ ಹೋಗಿರಲಿಲ್ಲ, ಆ ಇಟ್ಟಿಗೆಗಳ ಮುಂದೆ ಏದುಸಿರು ಬಿಡುತ್ತ ನಿಂತಾಗ ಹೋಯಿತು.

ದಾರಿಯಲ್ಲಿ ಗುಮ್ಮಟದ ಒಳಮೈಯ ಚಿತ್ರಗಳ ಬುಡದಲ್ಲಿ ನಡೆಯಲು ಸಿಗುತ್ತದೆ. 1572ರಲ್ಲಿ ವಸಾರಿ ತೊಡಗಿ, ಅವನು ತೀರಿಕೊಂಡ ಮೇಲೆ ಜುಕ್ಕರಿ 1579ರಲ್ಲಿ ಮುಗಿಸಿದ ‘ಅಂತಿಮ ತೀರ್ಪು’ ಇದು, ಲೋಕದ ಕೊನೆಯಲ್ಲಿ ಜನರು ಸ್ವರ್ಗಕ್ಕೋ ನರಕಕ್ಕೋ ಎಂದು ತೀರ್ಮಾನವಾಗುವ ಕ್ರೈಸ್ತ ದೃಶ್ಯ. ನರಕ ಎಲ್ಲಕ್ಕಿಂತ ಕೆಳಗಿನ ಪಟ್ಟಿಯಲ್ಲಿದೆ, ಅಂದರೆ ನಮ್ಮ ಮುಖದ ಹತ್ತಿರ. ನೆಲದಿಂದ ಗೊಂಬೆಗಳಂತೆ ಕಂಡ ದೆವ್ವಗಳು ಇಲ್ಲಿ ಆಳೆತ್ತರ ಮೀರಿ ನಿಂತಿರುತ್ತವೆ. ವಿಜಯಪುರದ ಗೋಳಗುಮ್ಮಟದ ಮೊಗಸಾಲೆಯಲ್ಲಿ ಪಿಸುಮಾತು ಆಡಿ ಬಂದವರು ಇಲ್ಲಿಯೂ ಅದನ್ನೇ ನಿರೀಕ್ಷಿಸಬಾರದು. ಅಲ್ಲಿ ಗುಮ್ಮಟ ಕಿವಿಗೆ ಸಿಗುತ್ತದೆ, ಇಲ್ಲಿ ಕಣ್ಣಿಗೆ.

ತುದಿಯಲ್ಲಿ ಕೆಂಪು ಹೆಂಚಿನ ಊರು, ಆರ್ನೊ ನದಿ, ದೂರದ ಬೆಟ್ಟ ಎಲ್ಲವೂ ಉಂಟು. ಇಲ್ಲದ್ದು ಒಂದೇ, ಆ ಊರಿನ ಗುರುತಾದ ಗುಮ್ಮಟ. ಅದು ಕಾಲಡಿಯಲ್ಲಿರುತ್ತದೆ.

ಗಂಟೆಗೋಪುರದ ಬಲ ಇರುವುದು ಇಲ್ಲೇ. 1334ರಲ್ಲಿ ಚಿತ್ರಕಾರ ಜೊತ್ತೊ ಇದನ್ನು ಆರಂಭಿಸಿದ. ಮೂರೇ ವರ್ಷಕ್ಕೆ ಅವನು ತೀರಿಕೊಂಡ ಮೇಲೆ ಆಂದ್ರೆಯಾ ಪಿಸಾನೊ ಮುಂದುವರಿಸಿದ, ಫ್ರಾಂಚೆಸ್ಕೊ ತಲೆಂತಿ 1359ರಲ್ಲಿ ಪೂರೈಸಿದ. ಸುಮಾರು 85 ಮೀಟರ್ ಎತ್ತರ. ಮೇಲಿನ ಅಂತಸ್ತುಗಳನ್ನು ತಲೆಂತಿ ಬೇಕೆಂದೇ ಒಂದಕ್ಕಿಂತ ಒಂದು ದೊಡ್ಡದಾಗಿ ಕಟ್ಟಿಸಿದ್ದಾನೆ, ಕೆಳಗೆ ನಿಂತವರಿಗೆ ಸಮನಾಗಿ ಕಾಣಲೆಂದು. ಹತ್ತುವವರಿಗೆ ಲಾಭವೆಂದರೆ ನಡುನಡುವೆ ಅಂತಸ್ತುಗಳಲ್ಲಿ ಗಾಳಿ ಬೆಳಕು ಧಾರಾಳ, ಕಿಟಕಿಯ ಬಳಿ ನಿಂತು ಉಸಿರು ತಿರುಗಿಸಿಕೊಳ್ಳಬಹುದು. ಆದರೆ ಅದೇ ಇಕ್ಕಟ್ಟಾದ ಮೆಟ್ಟಿಲಲ್ಲಿ ಇಳಿಯುವವರೂ ಎದುರಾಗುತ್ತಾರೆ. ಗೋಡೆಗೆ ಬೆನ್ನು ಅಂಟಿಸಿ ದಾರಿ ಬಿಡುವ ಸಂಕೋಚದ ನಗೆಗಳು ಅಲ್ಲಿ ನಿರಂತರ. ತುದಿಯ ತಂತಿಜಾಲರಿ ಕ್ಯಾಮೆರಾದವರಿಗೆ ಕಿರಿಕಿರಿಯೇ. ಆದರೂ ಗುಮ್ಮಟ ಎದುರಿಗೇ, ಎಂಟು ಬಿಳಿ ಪಕ್ಕೆಲುಬುಗಳ ಸಮೇತ, ಮೇಲೆ ನಿಂತ ಜನರ ತಲೆಗಳೂ ಎಣಿಸುವಷ್ಟು ಹತ್ತಿರದಲ್ಲಿರುತ್ತದೆ. ನೋಟಕ್ಕೆ ಇದೇ ಮೇಲು, ಅನುಮಾನವಿಲ್ಲ.

ಟಿಕೆಟ್ ವಿಷಯದಲ್ಲಿ ಗುಮ್ಮಟ ಹೆಚ್ಚು ಕಟ್ಟುನಿಟ್ಟು. ಸಮಯ ಮೊದಲೇ ಕಾಯ್ದಿರಿಸಬೇಕು, ಜನ ಹೆಚ್ಚಿರುವ ತಿಂಗಳುಗಳಲ್ಲಿ ಬೇಗ ಮುಗಿದುಹೋಗುತ್ತದೆ. ಗೋಪುರಕ್ಕೆ ಅಷ್ಟು ಪೈಪೋಟಿಯಿಲ್ಲ.

ಮೂರನೆಯದು ಸಾನ್ ಮಿನಿಯಾತೊ: ಹನ್ನೊಂದನೆಯ ಶತಮಾನದ ಚರ್ಚು, ಬಿಳಿ ಮತ್ತು ಹಸಿರು ಅಮೃತಶಿಲೆಯ ಮುಖ, ಪ್ರವೇಶ ಉಚಿತ. ಊರು ಪೂರ್ತಿಯಾಗಿ, ಗುಮ್ಮಟ ನಡುವೆ ಎದ್ದು ನಿಂತಂತೆ ಕಾಣುತ್ತದೆ. ಸ್ವಲ್ಪ ಕೆಳಗಿನ ಮೈಕೆಲ್ಯಾಂಜೆಲೊ ಚೌಕದಲ್ಲಿ ಸಂಜೆ ಜಾತ್ರೆ ನೆರೆಯುತ್ತದೆ, ನನಗೆ ಅದು ರುಚಿಸಲಿಲ್ಲ. ಮಂಡಿನೋವಿನವರು, ಇಕ್ಕಟ್ಟು ಜಾಗಕ್ಕೆ ಹೆದರುವವರು ಗುಮ್ಮಟದ ಆಸೆ ಬಿಟ್ಟು ನೇರ ಈ ಗುಡ್ಡಕ್ಕೇ ಬರಲಿ. ಕಳೆದುಕೊಳ್ಳುವುದು ಇಟ್ಟಿಗೆ ಮತ್ತು ನರಕ ಮಾತ್ರ.

ಒಂದನ್ನೇ ಆರಿಸು ಎಂದರೆ ನನ್ನ ಓಟು ಗುಮ್ಮಟಕ್ಕೆ. ಅದರೊಳಗೆ ಸಿಗುವುದು ಬೇರೆ ಎಲ್ಲಿಯೂ ಸಿಗುವುದಿಲ್ಲ, ನೋಟ ಗುಡ್ಡದ ಮೇಲೆ ಪುಕ್ಕಟೆ ಸಿಗುತ್ತದೆ. ಎರಡನ್ನೂ ಹತ್ತುವ ಹುಮ್ಮಸ್ಸಿದ್ದರೆ ಗುಮ್ಮಟ ಬೆಳಿಗ್ಗೆಗೆ, ಗೋಪುರ ಮಧ್ಯಾಹ್ನ ಇಳಿದ ಮೇಲಿಗೆ ಇಟ್ಟುಕೊಳ್ಳಿ. ಗೋಪುರದಿಂದ ಗುಮ್ಮಟ ಪೂರ್ವಕ್ಕಿದೆ: ಇಳಿಹೊತ್ತಿನಲ್ಲಿ ಸೂರ್ಯ ಬೆನ್ನ ಹಿಂದಿದ್ದು ಹೆಂಚುಗಳ ಮೇಲೆ ನೇರ ಬೆಳಕು ಬೀಳುತ್ತದೆ, ಬೆಳಿಗ್ಗೆ ಅದೇ ಜಾಗದಲ್ಲಿ ಎದುರುಬಿಸಿಲು.