ಉದ್ಯಮಬಾಗದಲ್ಲಿ ಮಾಡಿಸಿದ ರೇಸ್ ಕಾರ್ ಟ್ರೈಲರ್: 1,650 ಕಿ.ಮೀ. ಎಳೆದ ಮೇಲೆ

ನನ್ನ ತಮ್ಮ ಮಾರುತಿ ಎಸ್ಟೀಮ್‌ನಲ್ಲಿ ರೇಸ್ ಓಡಿಸುತ್ತಾನೆ. ಕಾರನ್ನು ಟ್ರ್ಯಾಕಿಗೆ ಮುಟ್ಟಿಸುವ ಕೆಲಸ ನನ್ನದು. ಎರಡು ವರ್ಷ ಬಾಡಿಗೆ ಲಾರಿಯಲ್ಲಿ ಒಯ್ದೆವು. ಈ ಸಲ ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಸ್ವಂತ ಟ್ರೈಲರ್ ಮಾಡಿಸಿದೆವು. 20 ಅಡಿ ಉದ್ದ, ಎರಡು ಆಕ್ಸಲ್, ಪೂರ್ತಿ ಮುಚ್ಚಿದ ಬಾಡಿ. ಖರ್ಚು 3.8 ಲಕ್ಷ. ಶ್ರೀಪೆರಂಬುದೂರು ಹತ್ತಿರದ ಇರುಂಗಟ್ಟುಕೊಟ್ಟೈ ಟ್ರ್ಯಾಕಿಗೆ ಹೋಗಿ ಬಂದಾಯಿತು. ಎಳೆದದ್ದು ಇಸುಜು ಡಿ-ಮ್ಯಾಕ್ಸ್ ಪಿಕಪ್.

ವೆಲ್ಡಿಂಗ್ ಬಹಳ ಚೆನ್ನಾಗಿದೆ. ಅಷ್ಟು ದೂರ ಓಡಿದರೂ ಒಂದು ಜಾಯಿಂಟ್ ಬಿಟ್ಟಿಲ್ಲ, ಒಳಗೆ ಒಂದು ಹನಿ ನೀರು ಇಳಿದಿಲ್ಲ. ತೊಂದರೆ ಬಂದದ್ದು ಭಾರದಲ್ಲಿ.

ಮೊದಲ ದಿನ ಸುಮ್ನೆ ಕಿತ್ತೂರಿನ ತನಕ ಎಳೆದು ನೋಡೋಣ ಅಂತ ಹೊರಟೆ. ವೇಗ 70ರ ಹತ್ತಿರ ಬಂದಾಗ ಟ್ರೈಲರ್ ಆಚೀಚೆ ತೂಗಲು ಶುರುವಾಯಿತು. ಪಿಕಪ್ಪಿನ ಹಿಂಭಾಗವನ್ನೂ ಜೊತೆಗೆ ಎಳೆಯುತ್ತಿತ್ತು. ಎದೆ ಧಸಕ್ ಅಂದಿತು. ಬ್ರೇಕ್ ಒತ್ತಲಿಲ್ಲ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆದೆ. 50ಕ್ಕೆ ಇಳಿದ ಮೇಲೆ ತೂಗಾಟ ನಿಂತಿತು.

ನಮ್ಮ ಕಾಕಾ ಬೈಲಹೊಂಗಲದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ಬಾಗಿಲು ತೆರೆಸಿ ಒಳಗೆ ನೋಡಿದ ಕೂಡಲೇ ಹೇಳಿದರು: "ತಮ್ಮಾ, ಇದು ಹಿಂಭಾರ ಆಗೇತಿ. ಚಕ್ಕಡಿಗೆ ಹಿಂದ ಹೇರಿದರ ನೊಗಾ ಮ್ಯಾಲೆ ಏಳತೈತಿಲ್ಲೊ?"

ವೇಬ್ರಿಜ್ ಮೇಲೆ ತೂಗಿಸಿದೆ. ಟ್ರೈಲರ್ 1,120 ಕಿಲೋ, ಕಾರು 900, ಟೈರು ಮತ್ತು ಸಾಮಾನು 260. ಒಟ್ಟು 2,280. ಇದರಲ್ಲಿ ಶೇ. 10ರಿಂದ 15 ಭಾಗ, ಪಿಕಪ್ಪಿಗೆ ಸಿಕ್ಕಿಸುವ ಮುಂದಿನ ಕೊಂಡಿಯ ಮೇಲೆ ಕೂರಬೇಕು. ಅಂದರೆ ಕಡಿಮೆ ಅಂದರೂ 228 ಕಿಲೋ. ಮುಂದಿನ ಜಾಕ್ ಚಕ್ರವನ್ನು ಧಾನ್ಯ ತೂಗುವ ಕಾಟಾ ಮೇಲೆ ಇಟ್ಟು ನೋಡಿದರೆ ಇದ್ದದ್ದು ಬರೀ 120. ಕಾರು ಕಟ್ಟುವ ಕಬ್ಬಿಣದ ಬಳೆಗಳನ್ನು ವರ್ಕ್‌ಶಾಪಿನವರು ಜಾಸ್ತಿ ಹಿಂದೆ ವೆಲ್ಡ್ ಮಾಡಿದ್ದರು. ಸಾಮಾನಿನ ಪೆಟ್ಟಿಗೆಯನ್ನೂ ಹಿಂಬಾಗಿಲ ಪಕ್ಕದಲ್ಲೇ ಕೂರಿಸಿದ್ದರು. ತೋರಿಸಿದಾಗ ವಾದ ಮಾಡಲಿಲ್ಲ. ಬಳೆಗಳನ್ನು 35 ಸೆಂ.ಮೀ. ಮುಂದಕ್ಕೆ ತಂದರು, ಪೆಟ್ಟಿಗೆಯನ್ನು ಮೂತಿಯ ಕಡೆಗೆ ಸಾಗಿಸಿದರು. ಹಣ ಕೇಳಲಿಲ್ಲ. ಈಗ ಕೊಂಡಿಯ ಮೇಲೆ 300 ಕಿಲೋ ಕೂರುತ್ತದೆ. ಅದೇ ಟ್ರೈಲರ್, ಅದೇ ಕಾರು, ಆದರೆ ಈಗ ಹಳಿ ಮೇಲೆ ಹೋದ ಹಾಗೆ ಹೋಗುತ್ತದೆ.

ನಮ್ಮೂರಿನ ಪಕ್ಕದ ರಾಷ್ಟ್ರೀಯ ಹೆದ್ದಾರಿ 48 ಆ ಟ್ರ್ಯಾಕಿನ ಪಕ್ಕದಲ್ಲೂ ಹಾದು ಹೋಗುತ್ತದೆ. ಹಾಗಾಗಿ ದಾರಿ ತಪ್ಪುವ ಮಾತಿಲ್ಲ. ವೇಗ 65 ದಾಟಲಿಲ್ಲ. ಕಿತ್ತೂರಿನಲ್ಲಿ ನಿಲ್ಲಿಸಿ, ಕಾರನ್ನು ಬಳೆಗಳಿಗೆ ಕಟ್ಟಿದ ಪಟ್ಟಿಗಳನ್ನು ಮತ್ತೊಮ್ಮೆ ಬಿಗಿದೆ. ಮೊದಲ 50 ಕಿ.ಮೀ.ನಲ್ಲಿ ಅವು ಸಡಿಲ ಆಗೇ ಆಗುತ್ತವೆ. ಪಟ್ಟಿಯನ್ನು ಚಾಸಿಗೆ ಬಿಗಿಯದೆ ಚಕ್ರಗಳಿಗೆ ಸುತ್ತಿ ಕಟ್ಟುತ್ತೇವೆ. ಆಗ ಕಾರಿನ ಸಸ್ಪೆನ್ಶನ್ ತನ್ನಷ್ಟಕ್ಕೆ ಆಡುತ್ತದೆ, ಪಟ್ಟಿಗೆ ಜಗ್ಗು ಬೀಳುವುದಿಲ್ಲ.

ಚಿತ್ರದುರ್ಗದಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ವಾ, ಅಲ್ಲಿ ಅಡ್ಡಗಾಳಿ ಹೊಡೆಯಿತು. ಮುಚ್ಚಿದ ಟ್ರೈಲರ್ ಅಂದರೆ ಅಷ್ಟಗಲದ ಗೋಡೆ. 50ಕ್ಕೆ ಇಳಿಸಿದೆ. ರಾತ್ರಿ ತುಮಕೂರಿನಲ್ಲಿ ಉಳಿದು, ಬೆಳಗಿನ ನಾಲ್ಕಕ್ಕೆ ಹೊರಟು ನೈಸ್ ರಸ್ತೆ ಹಿಡಿದು ಬೆಂಗಳೂರು ದಾಟಿದೆವು. ಖಾಲಿ ಇದ್ದಾಗ ಲೀಟರಿಗೆ 12 ಕೊಡುವ ಗಾಡಿ 7 ಕೊಟ್ಟಿತು.

ಎರಡನೇ ಕೊರತೆ ಬ್ರೇಕಿನದು. ಇದರಲ್ಲಿ ಇರುವುದು ಒತ್ತು ಬ್ರೇಕ್. ಪಿಕಪ್ ನಿಧಾನ ಆದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡಕ್ಕೇ ಕೇಬಲ್ ಎಳೆದು ಬ್ರೇಕ್ ಹಿಡಿಯುತ್ತದೆ. ಸಪಾಟು ರಸ್ತೆಯಲ್ಲಿ ಇದು ತುಂಬಾ ನಯವಾಗಿ ಕೆಲಸ ಮಾಡಿತು. ಹೊಸೂರು ದಾಟಿ ಕೃಷ್ಣಗಿರಿಯ ಕಡೆ ಇಳಿಯುವಾಗ ಮಾತ್ರ ಸುಟ್ಟ ವಾಸನೆ ಬಂತು. ನಿಲ್ಲಿಸಿ ಟ್ರೈಲರ್ ಚಕ್ರಗಳ ನಡುವಿನ ಹಬ್‌ಗಳ ಹತ್ತಿರ ಕೈ ಹಿಡಿದೆ. ಬಲಗಡೆ ಬೆಚ್ಚಗೆ, ಎಡಗಡೆ ಕೈ ಇಡಲಾಗದಷ್ಟು ಬಿಸಿ. ಎಡಗಡೆಯ ಕೇಬಲ್ ಜಾಸ್ತಿ ಬಿಗಿ ಇತ್ತು. ತಣ್ಣಗಾಗಲು ಬಿಟ್ಟು, ನಟ್ ಸಡಿಲಿಸಿ ಎರಡೂ ಕಡೆ ಸಮ ಮಾಡಿದೆ. ಆಮೇಲೆ ವಾಸನೆ ಬರಲಿಲ್ಲ. ವರ್ಕ್‌ಶಾಪಿನವರು ಗಾಡಿ ಕೊಡುವ ಮೊದಲು ಭಾರ ಹಾಕಿ ಓಡಿಸಿ ನೋಡಿದ್ದರೆ ಇದು ಅಲ್ಲೇ ಸಿಗುತ್ತಿತ್ತು. ನನಗೆ ಬೇಜಾರಾದದ್ದು ಇದೊಂದೇ.

ರಿವರ್ಸ್ ಹೋಗುವಾಗ ಒತ್ತು ಬ್ರೇಕಿನ ಲಾಕ್ ಹಾಕಬೇಕು, ಇಲ್ಲದಿದ್ದರೆ ಟ್ರೈಲರ್ ಕಚ್ಚಿಕೊಂಡು ನಿಲ್ಲುತ್ತದೆ. ಸ್ಟೀರಿಂಗಿನ ಕೆಳತುದಿ ಹಿಡಿದುಕೊಂಡರೆ, ಕೈ ಹೋದ ಕಡೆಗೇ ಟ್ರೈಲರಿನ ಹಿಂಭಾಗ ಹೋಗುತ್ತದೆ. ಇದನ್ನು ಕಲಿಸಿದ್ದೂ ಕಾಕಾನೇ.

ಇಷ್ಟು ಹಣಕ್ಕೆ ಇಷ್ಟು ಗಟ್ಟಿ ಟ್ರೈಲರ್ ಸಿಕ್ಕಿದ್ದಕ್ಕೆ ನನಗೆ ನಿಜವಾಗಿ ಖುಷಿ ಇದೆ. ನೀವೂ ಮಾಡಿಸುವುದಾದರೆ ಬಳೆ ವೆಲ್ಡ್ ಮಾಡುವ ದಿನ ನಿಮ್ಮ ಕಾರನ್ನು ಅಲ್ಲಿಗೆ ಒಯ್ಯಿರಿ. ಸಾಮಾನೆಲ್ಲ ತುಂಬಿ, ಕೊಂಡಿಯ ಕೆಳಗೆ ಕಾಟಾ ಇಟ್ಟು, ತೂಕ ಸರಿ ಬಂದ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿಸಿ.