ಏರ್ ರೈಫಲ್ಲೋ, .22 ರೈಫಲ್ಲೋ?

ಮಂಗಳೂರು, ಉಡುಪಿ ಕಡೆ ಗುರಿ ಶೂಟಿಂಗ್ ಕಲಿಯಲು ಹೊರಟವರು ಮೊದಲು ನೋಡಬೇಕಾದ್ದು ಗುಂಡು ಎಲ್ಲಿಂದ ಬರುತ್ತದೆ ಅನ್ನೋದನ್ನ. ರೈಫಲ್ ಒಮ್ಮೆ ಕೊಂಡರಾಯಿತು, ಗುಂಡು ಮುಗಿಯುತ್ತಲೇ ಇರುತ್ತದೆ.

ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್‌ಗೆ 4.5 ಮಿ.ಮೀ. ಸೀಸದ ಪೆಲೆಟ್, ಅಂದರೆ ಪುಟ್ಟ ಗುಂಡು ಸಾಕು. ಗುಂಡು ನಳಿಗೆಯಿಂದ ಹೊರಡುವಾಗಿನ ಶಕ್ತಿ 20 ಜೂಲ್ ಮೀರದ ಈ ಅಳತೆಯ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮದಂತೆ ಲೈಸೆನ್ಸ್ ಬೇಡ. ಹತ್ತು ಮೀಟರ್ ಜಾಗ, ಹಿಂದೆ ಗಟ್ಟಿ ತಡೆ ಇದ್ದರೆ ಅಭ್ಯಾಸ ಸಾಗುತ್ತದೆ. ಮುಗಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ, ಸೀಸ ಅಲ್ವಾ.

.22 ಅಂದರೆ ಸುಮಾರು 0.22 ಇಂಚು ನಳಿಗೆಯ, ಮದ್ದಿನಿಂದ ಗುಂಡು ಹಾರಿಸುವ ರೈಫಲ್. ಅದಕ್ಕೆ ಲೈಸೆನ್ಸ್ ಬೇಕು, ಗುಂಡಿಗೂ ಲೆಕ್ಕ. ಡೀಲರ್ ಹತ್ತಿರ ಸ್ಟಾಕ್ ಇಲ್ಲದಿದ್ದರೆ ಸುಮ್ನೆ ಕೂರಬೇಕು. ಖಾಲಿ ಕಾಡತೂಸಿಗೆ ಮತ್ತೆ ಮದ್ದು ತುಂಬೋಣ ಅಂದರೆ ಇದರಲ್ಲಿ ಆಗದು. ಕಿಡಿ ಹಚ್ಚುವ ಮದ್ದು ಕಾಡತೂಸಿನ ಬುಡದ ಅಂಚಿನೊಳಗೇ ಇರುತ್ತದೆ, ಪಿನ್ ಬಡಿದಾಗ ಆ ಅಂಚೇ ಜಜ್ಜಿಹೋಗುತ್ತದೆ. ದೊಡ್ಡ ರೈಫಲ್‌ಗಳ ಕಾಡತೂಸಿನಲ್ಲಿ ಕಿಡಿ ಹಚ್ಚುವ ಭಾಗ (ಪ್ರೈಮರ್) ಬುಡದ ನಡುವೆ ಬೇರೆಯಾಗಿ ಕೂತಿರುತ್ತದೆ, ಅದನ್ನು ಬದಲಿಸಬಹುದು. ಆದರೆ ಪರವಾನಗಿ ಇಲ್ಲದೆ ಅದಕ್ಕೆ ಕೈಹಾಕುವಂತಿಲ್ಲ. ಮೇಲಾಗಿ ಚುನಾವಣೆ ಬಂದರೆ ಲೈಸೆನ್ಸ್ ಕೋವಿ ಸಾಮಾನ್ಯವಾಗಿ ಠಾಣೆ ಸೇರುತ್ತದೆ. ತೋಟ ಕಾಯಲು ಕೋವಿ ಇಟ್ಟುಕೊಂಡ ಅಡಿಕೆ ತೋಟದವರನ್ನು ಕೇಳಿ, ಹೇಳುತ್ತಾರೆ!

ಮಳೆಗಾಲದ ತುಕ್ಕು ಎರಡಕ್ಕೂ ಒಂದೇ, ಎಣ್ಣೆ ಬಟ್ಟೆ ಕೈಗೆ ಸಿಗುವಂತಿರಲಿ.

ನನ್ನ ಮಾತು ಕೇಳಿದರೆ ಮೊದಲು ಏರ್ ರೈಫಲ್. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದೂ ಅದರಲ್ಲೇ. ಐವತ್ತು ಮೀಟರ್ ಸ್ಪರ್ಧೆಗೆ ಇಳಿಯುವ ಹೊತ್ತಿಗೆ .22 ನೋಡಿದರಾಯಿತು.