ಕನ್ನಡ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಎಲ್ಲಿ? ಮನೆಯಲ್ಲಿ ಹೊಸ ಸಿನಿಮಾ ನೋಡಿದವನ ವಿಮರ್ಶೆ

ನನ್ನ ತಾಯಿಗೆ ಈಗ 76 ವರ್ಷ. ಮಂಡಿನೋವಿನಿಂದಾಗಿ ಚಿತ್ರಮಂದಿರದ ಮೆಟ್ಟಿಲು ಹತ್ತಲಾರರು, ಕಿವಿಯೂ ಮೊದಲಿನಷ್ಟು ಚುರುಕಾಗಿಲ್ಲ. ಹೀಗಾಗಿ ಮೈಸೂರಿನ ನಮ್ಮ ಮನೆಯ ಮಟ್ಟಿಗೆ ಹೊಸ ಕನ್ನಡ ಚಿತ್ರವೆಂದರೆ ಒಟಿಟಿಗೆ, ಅಂದರೆ ಅಂತರ್ಜಾಲದ ಮೂಲಕ ಮನೆಯಲ್ಲೇ ಚಿತ್ರ ತೋರಿಸುವ ಸೇವೆಗೆ, ಬಂದ ಚಿತ್ರವೇ. ಎರಡು ವರ್ಷಗಳಿಂದ ಮೂರು ಸೇವೆಗಳಿಗೆ ಚಂದಾ ಕಟ್ಟುತ್ತ, ಶನಿವಾರಕ್ಕೊಂದರಂತೆ ಚಿತ್ರ ನೋಡುತ್ತ ಬಂದಿರುವ ಅನುಭವದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಕಾಯುವಿಕೆಯ ಬಗ್ಗೆ ನನ್ನ ದೂರೇನೂ ಇಲ್ಲ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ಪ್ರೈಮ್ ವಿಡಿಯೊಗೆ ಬಂದದ್ದು ನವೆಂಬರ್ 24ರಂದು. ‘ಕಾಂತಾರ: ಅಧ್ಯಾಯ 1’ 2025ರ ಅಕ್ಟೋಬರ್ 2ರಂದು ಬಿಡುಗಡೆಯಾಗಿ ಅದೇ ತಿಂಗಳ 31ಕ್ಕೆ ಕನ್ನಡದಲ್ಲಿ ಮನೆಗೆ ಬಂದಿತು. ತೆರೆಕಂಡು ಎಂಟು ವಾರ ಕಳೆಯುವವರೆಗೆ ಹಿಂದಿ ಚಿತ್ರ ಒಟಿಟಿಗೆ ಬರಬಾರದೆಂಬ ಮಲ್ಟಿಪ್ಲೆಕ್ಸ್‌ಗಳ ಕಟ್ಟುಪಾಡಿನಿಂದಾಗಿ ಹಿಂದಿ ಅವತರಣಿಕೆ ಮಾತ್ರ ನವೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ನಮಗೆ ಮೊದಲು ಬಡಿಸಿ ಹಿಂದಿಯವರಿಗೆ ಆಮೇಲೆ ಬಡಿಸುವ ಪಂಕ್ತಿ ಅಪರೂಪದ್ದು, ಆದ್ದರಿಂದ ಇದನ್ನು ದಾಖಲಿಸಿಡುತ್ತಿದ್ದೇನೆ.

ಜಾಹೀರಾತಿನ ಕಿರಿಕಿರಿ ಇದೆ. ಪ್ರೈಮ್ ವಿಡಿಯೊ 2025ರ ಜೂನ್ 17ರಿಂದ ಭಾರತದಲ್ಲಿಯೂ ಚಿತ್ರಗಳ ನಡುವೆ ಜಾಹೀರಾತು ತೋರಿಸತೊಡಗಿತು. ಅದು ಬೇಡವೆನ್ನುವವರಿಗೆ ತಿಂಗಳಿಗೆ 129 ರೂಪಾಯಿ ಅಥವಾ ವರ್ಷಕ್ಕೆ 699 ರೂಪಾಯಿಯ ಹೆಚ್ಚುವರಿ ಶುಲ್ಕವನ್ನು ಗೊತ್ತುಮಾಡಿತು. ಬಾಡಿಗೆಗೆ ಸಿಗುವ ಚಿತ್ರಗಳನ್ನು ಸಾಮಾನ್ಯವಾಗಿ 30 ದಿನಗಳೊಳಗೆ ಆರಂಭಿಸಬೇಕು, ಆರಂಭಿಸಿದ ಮೇಲೆ 48 ಗಂಟೆಗಳೊಳಗೆ ಮುಗಿಸಬೇಕು. ಹತ್ತು ಗಂಟೆಗೆ ಮಲಗುವ ಹಿರಿಯರಿರುವ ಮನೆಗೆ ಎರಡು ರಾತ್ರಿ ಸಾಲುತ್ತದೆ, ನಡುವೆ ನೆಂಟರು ಬಾರದಿದ್ದರೆ.

ನನ್ನ ನಿಜವಾದ ತಕರಾರು ಇರುವುದು ಸಬ್‌ಟೈಟಲ್ ವಿಷಯದಲ್ಲಿ. ಒಂದು ಶನಿವಾರ, ಹೆಸರು ಹೇಳದ ಒಂದು ಸೇವೆಯಲ್ಲಿ, ಕುಂದಾಪುರ ಕನ್ನಡದ ಮಾತುಗಳೇ ಹೆಚ್ಚಾಗಿದ್ದ ಚಿತ್ರವೊಂದನ್ನು ಹಾಕಿದ್ದೆ. ಕಥೆ ಬಿಗಿಯಾಗುತ್ತಿದ್ದ ಜಾಗದಲ್ಲಿ ಪಾತ್ರವೊಂದು ಸರಸರನೆ ಏನೋ ಹೇಳಿ ಹೊರಟುಹೋಯಿತು. “ಏನಂದ್ನೋ ಅವನು?” ಎಂದು ಅಮ್ಮ ಕೇಳಿದರು. ಹಳೇ ಮೈಸೂರಿನ ನನ್ನ ಕಿವಿಗೂ ಆ ಮಾತು ದಕ್ಕಿರಲಿಲ್ಲ. ಸಬ್‌ಟೈಟಲ್ ಪಟ್ಟಿಯಲ್ಲಿ ಇದ್ದದ್ದು ಇಂಗ್ಲಿಷ್ ಒಂದೇ. ಅದನ್ನು ಹಾಕಿ, ಪರದೆಯ ಮೇಲಿನ ಇಂಗ್ಲಿಷ್ ಓದಿ, ಅದನ್ನು ನಮ್ಮ ಕನ್ನಡಕ್ಕೆ ತಂದು ಅಮ್ಮನ ಕಿವಿಯ ಬಳಿ ಗಟ್ಟಿಯಾಗಿ ಹೇಳುವಷ್ಟರಲ್ಲಿ ಇನ್ನೂ ಮೂರು ಮಾತುಗಳು ದಾಟಿಹೋಗಿದ್ದವು. ಕನ್ನಡದ ಮಾತು ಕನ್ನಡದವರನ್ನು ತಲುಪಲು ಇಂಗ್ಲಿಷಿನ ಮನೆ ಹೊಕ್ಕು ಬರಬೇಕಾಯಿತು. ಚಿತ್ರ ಮುಗಿಯುವವರೆಗೂ ನಾನು ಪ್ರೇಕ್ಷಕನಾಗಿರದೆ ದುಭಾಷಿಯಾಗಿದ್ದೆ.

ಕನ್ನಡ ಬಲ್ಲವರಿಗೆ ಕನ್ನಡ ಅಕ್ಷರ ಏಕೆ ಬೇಕು ಎಂಬ ಎಣಿಕೆ ಇದರ ಹಿಂದಿರಬೇಕು. ಕಿವಿ ಮಂದವಾದವರನ್ನು, ಬೇರೆ ಸೀಮೆಯ ಕನ್ನಡ ಅಪರಿಚಿತವಾದವರನ್ನು, ಹೊರನಾಡಿನಲ್ಲಿ ಹುಟ್ಟಿ ಓದುತ್ತಲೇ ಭಾಷೆ ಕಲಿಯಬೇಕಾದ ಮಕ್ಕಳನ್ನು ಈ ಎಣಿಕೆ ಮರೆತಿದೆ. ಇದು ಆಗದ ಕೆಲಸವೇನಲ್ಲ: ನೆಟ್‌ಫ್ಲಿಕ್ಸ್ ತನ್ನದೇ ಹಿಂದಿ ಸರಣಿಗಳಿಗೆ ಹಿಂದಿಯಲ್ಲಿಯೇ ಸಬ್‌ಟೈಟಲ್ ಕೊಡುತ್ತದೆ. ಶ್ರವಣದೋಷ ಮತ್ತು ದೃಷ್ಟಿದೋಷ ಇರುವವರಿಗೂ ಸಿನಿಮಾ ಎಟುಕಬೇಕೆಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳ ಪ್ರದರ್ಶನಕ್ಕಾಗಿ ಮಾರ್ಗಸೂಚಿಯನ್ನೂ ಹೊರಡಿಸಿದೆ.

ಧ್ವನಿಯ ತೊಡಕು ಇದಕ್ಕೆ ಅಂಟಿಕೊಂಡೇ ಬರುತ್ತದೆ. ಚಿತ್ರಮಂದಿರಕ್ಕಾಗಿ ಹದಗೊಳಿಸಿದ, ಸುತ್ತಲಿನ ಹಲವು ಸ್ಪೀಕರ್‌ಗಳಿಗೆ ಹಂಚಿಹೋಗುವ 5.1 ಧ್ವನಿಯಲ್ಲಿ ಮಾತುಗಳು ಬಹುಮಟ್ಟಿಗೆ ನಡುವಿನ ಸ್ಪೀಕರ್‌ಗೆ ಮೀಸಲಾಗಿರುತ್ತವೆ; ಟಿವಿಯ ಎರಡು ಪುಟ್ಟ ಸ್ಪೀಕರ್‌ಗಳಲ್ಲಿ ಎಲ್ಲವೂ ಬೆರೆತಾಗ ಚೆಂಡೆ ಮೇಲಾಗಿ ಮಾತು ಕೆಳಗಾಗುತ್ತದೆ. ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ ಸ್ಟೀರಿಯೊ (ಎರಡು ಸ್ಪೀಕರ್‌ಗಳ ಧ್ವನಿ) ಆಯ್ಕೆಯಿದ್ದರೆ ಅದನ್ನು ಆರಿಸಿ, ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಮಾತನ್ನು ಎತ್ತಿಕೊಡುವ ಸೌಲಭ್ಯವಿದ್ದರೆ ಅದನ್ನೂ ಚಾಲೂ ಮಾಡಿ ನೋಡಬಹುದು. ನಮ್ಮ ಮನೆಯಲ್ಲಿ ಇದರಿಂದ ಅರ್ಧದಷ್ಟು ಪ್ರಶ್ನೆಗಳು ಕಡಿಮೆಯಾದವು.

ಆ ಸೇವೆಯ ಗ್ರಾಹಕ ವಿಭಾಗಕ್ಕೆ ಕನ್ನಡದಲ್ಲಿಯೇ ಪತ್ರ ಬರೆದೆ. ಚಿತ್ರದ ಹಕ್ಕುದಾರರು ಒದಗಿಸಿದ ಸಬ್‌ಟೈಟಲ್‌ಗಳನ್ನಷ್ಟೇ ತಾವು ತೋರಿಸುವುದಾಗಿ ಮೂರು ದಿನಗಳ ನಂತರ ಉತ್ತರ ಬಂದಿತು, ಇಂಗ್ಲಿಷಿನಲ್ಲಿ. ವಾರ್ಷಿಕ ಚಂದಾ ಮುಗಿದಾಗ ನಾನು ಅದನ್ನು ನವೀಕರಿಸಲಿಲ್ಲ. ಉಳಿದೆರಡರಲ್ಲಿ ಹೊಸ ಚಿತ್ರ ಕಂಡೊಡನೆ ಅಮ್ಮನನ್ನು ಕರೆಯುವ ಮೊದಲು ಸಬ್‌ಟೈಟಲ್ ಪಟ್ಟಿ ತೆರೆದು ನೋಡುತ್ತೇನೆ; ಅಲ್ಲಿ ‘ಕನ್ನಡ’ ಎಂದಿದ್ದರೆ ಆ ಶನಿವಾರದ ಚಿತ್ರ ಅದೇ.